ಬೈಗುಳಕ್ಕೆ ಆಟ ಬರೀ ನೆಪ

ಮಾನ್ಯ ಸಂಪಾದಕರೇ,

ಜಮಖಂಡಿಯಲ್ಲಿ ನನ್ನದೊಂದು ಸಲೂನ್. ಪಾಳಿ ಕಾಯುವ ಹುಡುಗರು ಆಟಗಾರರಿಗೆ, ನಟಿಯರಿಗೆ ಮೊಬೈಲಲ್ಲಿ ಬೈಗುಳ ಬರೆದು, ಜೋರಾಗಿ ಓದಿ ನಗುತ್ತಾರೆ. ಕನ್ನಡದ ಬೈಗುಳ, ಇಂಗ್ಲಿಷ್ ಅಕ್ಷರ, ನಡುವೆ ಒಂದು ಚುಕ್ಕಿ. ಹಾಗೆ ಬರೆದರೆ ಬೈಗುಳ ತಡೆಯುವ ಆ್ಯಪ್‌ಗೆ ಸಿಕ್ಕಿಬೀಳಲ್ಲವಂತೆ!

2021ರ ಯೂರೋ ಫುಟ್‌ಬಾಲ್ ಫೈನಲ್‌ನಲ್ಲಿ ಪೆನಾಲ್ಟಿ ತಪ್ಪಿದ ಇಂಗ್ಲೆಂಡಿನ ರಾಶ್‌ಫೋರ್ಡ್, ಸಾಂಚೊ, ಸಾಕಾ ಎಂಬ ಕಪ್ಪು ಆಟಗಾರರಿಗೆ ಜನ ಮೊಬೈಲಲ್ಲಿ ಮಂಗನ ಚಿತ್ರ ಕಳಿಸಿದರು. ಅದೇ ವರ್ಷ ಕ್ರಿಕೆಟ್‌ನಲ್ಲಿ ಭಾರತ ಪಾಕಿಸ್ತಾನದ ಎದುರು ಸೋತಾಗ ನಮ್ಮವರು ಬೌಲರ್ ಶಮಿಯ ಧರ್ಮ ಹಿಡಿದು ಬೈದರು. ಅಲ್ಲಿ ಮೈಬಣ್ಣ, ಇಲ್ಲಿ ಧರ್ಮ. ಹೆಣ್ಣಾದರೆ ಎಲ್ಲ ಕಡೆಯೂ ಶೀಲ. ಆಟದ ಮಾತೇ ಇಲ್ಲ, ಅಲ್ವಾ?

ಜಪಾನಿನ ಕುಸ್ತಿಪಟು ಹಾನಾ ಕಿಮುರಾ 2020ರಲ್ಲಿ ಇಂಥ ಮಾತುಗಳಿಂದ ನೊಂದು ತೀರಿಕೊಂಡಾಗ ವಯಸ್ಸು ಬರೀ 22. ಆಮೇಲೆ ಅಲ್ಲಿ ಅವಮಾನಕ್ಕೆ 1 ವರ್ಷದವರೆಗೆ ಜೈಲು ಎಂದು ಕಾನೂನು ಬಿಗಿಯಾಯಿತು.

ನಮ್ಮ ಹೈಸ್ಕೂಲುಗಳಲ್ಲೂ ಮಾಸ್ತರರು ಹುಡುಗರಿಗೆ ಈ ಕಥೆಗಳನ್ನು ಹೇಳಲಿ.

- ಸಲೂನ್ ಮಾಲೀಕ, ಜಮಖಂಡಿ, ಬಾಗಲಕೋಟೆ ಜಿಲ್ಲೆ