ಡಿಜೆ ಮಿಕ್ಸರ್ ಕೊಳ್ಳುವ ಮುನ್ನ ನಾಬ್ ಅಲ್ಲಾಡಿಸಿ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಗಣೇಶನ ಹಬ್ಬ, ಮದುವೆ ಸೀಸನ್ ಹತ್ತಿರ ಬಂತೆಂದರೆ ಡಿಜೆ ಸದ್ದಿನ ಬಗ್ಗೆ ಪತ್ರಿಕೆಗಳಿಗೆ ದೂರುಗಳು ಬರುತ್ತವೆ. ಸದ್ದು ಎಷ್ಟು ಜೋರು ಎಂಬುದಷ್ಟೇ ಅಲ್ಲಿ ಚರ್ಚೆಯಾಗುತ್ತದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳಿದೆ, ಅದರಲ್ಲಿ ಮಾತಿಲ್ಲ. ಆದರೆ ಸದ್ದು ತಗ್ಗಿಸಿದ ಮೇಲೂ ಕಿವಿಗೆ ಗೀರಿದಂತೆ ಕೇಳುವ ಸೆಟ್ಟುಗಳಿವೆ. ಬೈಗುಳ ಬೀಳುವುದು ಸ್ಪೀಕರಿಗೆ, ತಪ್ಪು ಇರುವುದು ಎಷ್ಟೋ ಸಲ ಟೇಬಲ್ ಮೇಲಿನ ಮಿಕ್ಸರಿನಲ್ಲಿ, ಅಂದರೆ ಹಾಡುಗಳನ್ನು ಬೆರೆಸಿ ಆಂಪ್ಲಿಫೈಯರಿಗೆ ಕಳಿಸುವ ಯಂತ್ರದಲ್ಲಿ. ಎಷ್ಟು ಎಫೆಕ್ಟ್ ಇವೆ, ಎಷ್ಟು ದೀಪ ಮಿನುಗುತ್ತವೆ ಎಂದು ಎಣಿಸಿ ಮಿಕ್ಸರ್ ಕೊಳ್ಳುವವರೇ ಹೆಚ್ಚಾಗಿರುವುದರಿಂದ ಈ ಪತ್ರ.

ಮೊದಲು ಕಟ್ಟುವಿಕೆ. ಅಂಗಡಿಯಲ್ಲಿ ಪವರ್ ಹಾಕುವ ಮುಂಚೆಯೇ ಒಂದು ಕೆಲಸ ಮಾಡಿ. ಈಕ್ಯೂ ನಾಬನ್ನು, ಅಂದರೆ ಬೇಸ್, ಟ್ರೆಬಲ್ ಏರಿಸಿ ಇಳಿಸುವ ಗುಂಡಿಯನ್ನು, ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಕಾರ್ನ್‌ವಾಲ್‌ನ ಅಲೆನ್ ಅಂಡ್ ಹೀತ್ ಕಂಪನಿಯ ಝೋನ್:92ರಂಥ ಮಿಕ್ಸರ್‌ಗಳಲ್ಲಿ ಪ್ರತಿ ಪಾಟನ್ನೂ (ನಾಬಿನ ಕೆಳಗೆ ತಿರುಗುವ ಬಿಡಿಭಾಗ) ನಟ್ ಹಾಕಿ ಮುಖದ ತಗಡಿಗೇ ಬಿಗಿದಿರುತ್ತಾರೆ. ಕೈಯ ಒತ್ತಡವೆಲ್ಲ ತಗಡಿಗೆ ಹೋಗುತ್ತದೆ. ಅಗ್ಗದ ಮಿಕ್ಸರ್‌ಗಳಲ್ಲಿ ಪಾಟ್ ನಿಂತಿರುವುದು ಒಳಗಿನ ಸರ್ಕ್ಯೂಟ್ ಬೋರ್ಡಿನ ಬೆಸುಗೆಯ ಮೇಲೆ ಮಾತ್ರ. ನಾಬ್ ವಾಲಿದಾಗಲೆಲ್ಲ ಬೆಸುಗೆಯೂ ಎಳೆಯುತ್ತದೆ. ವರ್ಷ ತುಂಬುವುದರೊಳಗೆ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಸಣ್ಣ ಉಂಗುರದ ಬಿರುಕು ಬಿಡಬಹುದು. ಆಗ ಒಂದು ಬದಿಯ ಸ್ಪೀಕರ್ ಬಂದು ಹೋಗಿ ಮಾಡುತ್ತದೆ, ಮಿಕ್ಸರನ್ನು ತಟ್ಟಿದರೆ ಸರಿಹೋಗುತ್ತದೆ. ಪಾಟಿನ ಆ ಕಾಲನ್ನು ಮತ್ತೆ ಬೆಸೆದರೆ ದೋಷ ಹೋಗುತ್ತದೆ, ಕಾರಣ ಹೋಗುವುದಿಲ್ಲ. ಹಿಂಬದಿಯ ಆರ್‌ಸಿಎ ಸಾಕೆಟ್‌ಗಳಿಗೂ (ಟಿವಿ, ಡಿವಿಡಿಗೆ ಹಾಕುವ ಕೆಂಪು-ಬಿಳಿ ಪಿನ್ನಿನಂಥವು) ಇದೇ ಮಾತು. ತಗಡಿಗೆ ಸ್ಕ್ರೂ ಹಾಕಿದ್ದಾರೋ, ಬರೀ ಬೋರ್ಡಿನ ಮೇಲೆ ನಿಂತಿವೆಯೋ ಎಂದು ಬಗ್ಗಿ ನೋಡಿ. ಮಾಸ್ಟರ್ ಔಟ್‌ಪುಟ್ಟಿಗೆ, ಅಂದರೆ ಕೊನೆಗೆ ಸದ್ದು ಹೊರಹೋಗುವ ದಾರಿಗೆ, ಎಕ್ಸ್‌ಎಲ್‌ಆರ್ (ಮೈಕಿನ ವೈರಿಗಿರುವಂಥ ಮೂರು ಪಿನ್ನಿನ ಸಾಕೆಟ್) ಇಲ್ಲದ ಮಿಕ್ಸರನ್ನು ಮೆರವಣಿಗೆ, ಮಂಟಪದ ಕೆಲಸಕ್ಕೆ ತರಲೇಬೇಡಿ. ಉದ್ದ ವೈರಿನ ದಾರಿಯಲ್ಲಿ ಸೇರುವ ಗುಯ್‌ಗುಡುವಿಕೆಯನ್ನು ಆರ್‌ಸಿಎ ತಡೆಯುವುದಿಲ್ಲ.

ಫೇಡರ್, ಅಂದರೆ ಸದ್ದು ಏರಿಳಿಸಲು ಜಾರಿಸುವ ಹಿಡಿ, ಮಿಕ್ಸರಿನ ಚಪ್ಪಲಿ ಇದ್ದಂತೆ, ಸವೆಯಲೆಂದೇ ಇರುವುದು. ಕಾರ್ಬನ್ ಪಟ್ಟಿಯ ಫೇಡರಿನಲ್ಲಿ ಧೂಳು, ಕುಂಕುಮ, ತಂಪು ಪಾನೀಯ ಸೇರಿದರೆ ಕರಕರ ಶುರು. ಪಯೋನಿಯರ್ ಡಿಜೆಎಂ-ಎ9ರಲ್ಲಿರುವ ಮ್ಯಾಗ್ವೆಲ್ ಕ್ರಾಸ್‌ಫೇಡರ್ (ಒಂದು ಹಾಡಿನಿಂದ ಇನ್ನೊಂದಕ್ಕೆ ಅಡ್ಡಡ್ಡ ಜಾರಿಸುವ ಫೇಡರ್) ಕಾಂತದ ಬಲದಿಂದ ಕೆಲಸ ಮಾಡುವಂಥದ್ದು. ಅದರಲ್ಲಿ ಉಜ್ಜಿಕೊಳ್ಳುವ ಪಟ್ಟಿಯೇ ಇಲ್ಲ, ಹಾಗಾಗಿ ಸ್ಕ್ರ್ಯಾಚ್ ಮಾಡುವವರಿಗೆ, ಅಂದರೆ ಹಾಡನ್ನು ಹಿಂದೆ ಮುಂದೆ ಎಳೆಯುತ್ತಾ ಈ ಫೇಡರನ್ನು ಪಟಪಟ ಆಡಿಸುವವರಿಗೆ, ಕೊಟ್ಟ ಬೆಲೆ ಸಾರ್ಥಕ. ಹಾಡಿನಿಂದ ಹಾಡಿಗೆ ನಿಧಾನ ಜಾರುವವರಿಗೆ ಒಂದೊಂದು ಹಾಡಿನ ಸಾಲಿಗೂ ಇರುವ ಚಾನೆಲ್ ಫೇಡರೇ ಮುಖ್ಯ. ಅದು 60 ಮಿಲಿಮೀಟರ್ ಉದ್ದದ್ದಿದ್ದರೆ ಕೈಗೆ ಹಿಡಿತ ಸಿಗುತ್ತದೆ. ಕರಕರ ಬಂದ ಫೇಡರಿಗೆ ಡಬ್ಲ್ಯೂಡಿ-40 ಹೊಡೆಯುವ ಚಟ ಬಿಡಬೇಕು. ಅದು ಒಳಗಿನ ಗ್ರೀಸನ್ನು ತೊಳೆದು ಹಾಕಿ, ತನ್ನ ಜಿಡ್ಡನ್ನು ಉಳಿಸಿ, ಇನ್ನಷ್ಟು ಧೂಳನ್ನು ಎಳೆದುಕೊಳ್ಳುತ್ತದೆ. ವಾರ ಚೆನ್ನಾಗಿರುತ್ತದೆ, ತಿಂಗಳಿಗೆ ಫೇಡರ್ ಸಾಯುತ್ತದೆ. ಪವರ್ ತೆಗೆದು, ಫೇಡರ್ ಬಿಚ್ಚಿ, 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಫೇಡರಿಗೆಂದೇ ಬರುವ ಲೂಬ್ರಿಕಂಟ್ ಒಂದು ಹನಿ ಹಾಕಿದರೆ ಸಾಕು.

ಇನ್ನು ಧ್ವನಿ. ‘ಅನಲಾಗ್ ಸಿಹಿ, ಡಿಜಿಟಲ್ ಒಣಕಲು’ ಎಂಬ ಜಗಳ ವರ್ಷಗಳಿಂದ ನಡೆದಿದೆ. ಝೋನ್:92 ಪೂರ್ತಿ ಅನಲಾಗ್, ಹಾಡು ಅದರೊಳಗೆ ವಿದ್ಯುತ್ ಅಲೆಯಾಗಿಯೇ ಹರಿಯುತ್ತದೆ, ಅಂಕಿಗಳಾಗುವುದಿಲ್ಲ. ಅದಕ್ಕೆ ಸಿಡಿಜೆ (ಡಿಜೆಗಳು ಹಾಡು ಓಡಿಸುವ ಪಯೋನಿಯರ್ ಪ್ಲೇಯರ್) ಜೋಡಿಸಿದಾಗ ಡಿಜಿಟಲ್ ಹಾಡು ವಿದ್ಯುತ್ ಅಲೆಯಾಗುವುದು ಪ್ಲೇಯರಿನೊಳಗೆ. 2016ರ ಪಯೋನಿಯರ್ ಡಿಜಿಟಲ್ ಮಿಕ್ಸರ್ ಡಿಜೆಎಂ-900 ನೆಕ್ಸಸ್ 2ಕ್ಕೆ ಅದೇ ಸಿಡಿಜೆಯನ್ನು ಹಾಡನ್ನು ಅಂಕಿಗಳಾಗಿಯೇ ಒಯ್ಯುವ ಡಿಜಿಟಲ್ ಕೋಯಾಕ್ಸಿಯಲ್ ವೈರಿನಲ್ಲಿ ಜೋಡಿಸಿದರೆ ಆ ಕೆಲಸ ಮಿಕ್ಸರಿನ ಕೊನೆಯಲ್ಲಿ ಒಂದೇ ಸಲ ಆಗುತ್ತದೆ. ಅನಲಾಗ್ ಆರ್‌ಸಿಎ ವೈರಿನಲ್ಲಿ ಜೋಡಿಸಿದರೆ ಪ್ಲೇಯರಿನಲ್ಲಿ ಒಮ್ಮೆ ಅನಲಾಗ್, ಮಿಕ್ಸರ್ ಹೊಕ್ಕಾಗ ಮತ್ತೆ ಡಿಜಿಟಲ್, ಹೊರಡುವಾಗ ಮತ್ತೆ ಅನಲಾಗ್. ಯಾವ ವೈರ್ ಹಾಕಿದ್ದಾರೆ ಎಂದು ನೋಡದೆ ಎರಡು ಮಿಕ್ಸರ್ ಹೋಲಿಸಿದವರು ಹೋಲಿಸಿದ್ದು ಮಿಕ್ಸರನ್ನಲ್ಲ.

ಇದಕ್ಕಿಂತ ದೊಡ್ಡ ಮೋಸ ಸದ್ದಿನ ಮಟ್ಟದ್ದು. ಅರ್ಧ ಡೆಸಿಬಲ್ ಜೋರಾಗಿರುವುದೇ ಕಿವಿಗೆ ‘ಚೆಂದ’ ಎನಿಸುತ್ತದೆ. ಆದ್ದರಿಂದ 100 ಹರ್ಟ್ಸ್ ಸೈನ್ ಟೋನನ್ನು (ಒಂದೇ ಸ್ವರದ ಪರೀಕ್ಷೆ ಸದ್ದು) ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ. ಈಕ್ಯೂ ಎಲ್ಲ ಮಧ್ಯಕ್ಕೆ, ಎಫೆಕ್ಟ್ ಬಂದ್. ಮಾಸ್ಟರಿನ ಎಕ್ಸ್‌ಎಲ್‌ಆರ್‌ನ 2 ಮತ್ತು 3ನೇ ಪಿನ್ನಿಗೆ ಮಲ್ಟಿಮೀಟರ್ ಹಿಡಿದು ಎಸಿ 1.23 ವೋಲ್ಟ್ ಬರುವಂತೆ ಎರಡೂ ಮಿಕ್ಸರನ್ನು ಹೊಂದಿಸಿ. ಆಮೇಲೆ ಒಂದೇ ಆಂಪ್ಲಿಫೈಯರ್, ಒಂದೇ ಸ್ಪೀಕರಿನಲ್ಲಿ ಒಂದೇ ಹಾಡು ಹಾಕಿ ಕೇಳಿ. ಅಲ್ಲಿಯವರೆಗೆ ಆಕಾಶ ಭೂಮಿಯಷ್ಟಿದ್ದ ಅಂತರ ಎಷ್ಟು ಕುಗ್ಗುತ್ತದೆಂದು ಕೇಳಿದವರಿಗೇ ಗೊತ್ತಾಗುತ್ತದೆ.

ಉಳಿಯುವ ನಿಜವಾದ ಅಂತರ ಹೆಡ್‌ರೂಮಿನದು, ಅಂದರೆ ಅಲೆ ಒಡೆಯುವ ಮುನ್ನ ಎಷ್ಟು ಜೋರಿಗೆ ಜಾಗವಿದೆ ಎಂಬುದು. ಆಂಪ್ಲಿಫೈಯರ್ ವೈರ್ ಕಿತ್ತಿಟ್ಟು, ಅದೇ ಟೋನ್ ಹಾಕಿ, ಈಗ ಮೀಟರನ್ನು 1 ಮತ್ತು 2ನೇ ಪಿನ್ನಿಗೆ ಹಿಡಿದು ಗೇನ್ (ಒಳಬರುವ ಸದ್ದನ್ನು ಹಿಗ್ಗಿಸುವ ನಾಬ್) ಏರಿಸುತ್ತಾ ಹೋಗಿ. ನಾಬ್ ತಿರುಗಿದರೂ ವೋಲ್ಟ್ ಏರುವುದು ನಿಂತರೆ ಅದೇ ಆ ಮಿಕ್ಸರಿನ ಛಾವಣಿ. ಪ್ಲಸ್-ಮೈನಸ್ 15 ವೋಲ್ಟ್ ಸಪ್ಲೈ ಇರುವ ಒಳ್ಳೆಯ ಅನಲಾಗ್ ಮಿಕ್ಸರ್ 9 ವೋಲ್ಟ್ ಆಸುಪಾಸು ಮುಟ್ಟುತ್ತದೆ. ಯುಎಸ್‌ಬಿಯ 5 ವೋಲ್ಟಿನಲ್ಲಿ ನಡೆಯುವ ಸಣ್ಣ ಯಂತ್ರಗಳು ಸುಮಾರು 2 ವೋಲ್ಟಿಗೇ ತಲೆ ತಾಗಿಸುತ್ತವೆ. ಅಂತರ ಹದಿಮೂರು ಡೆಸಿಬಲ್! ಆ ಛಾವಣಿಗೆ ತಗುಲಿ ತಲೆ ಕತ್ತರಿಸಿಕೊಂಡ ಅಲೆಯಲ್ಲಿ ಹಾಡಿನಲ್ಲಿಲ್ಲದ ಮೇಲಿನ ಸ್ವರಗಳು ಹುಟ್ಟುತ್ತವೆ, ಸರಾಸರಿ ಪವರ್ ಏರುತ್ತದೆ. ಕಿವಿಗೆ ಗೀರುವುದೂ ಅದೇ, ಮೇಲಿನ ಸ್ಪೀಕರ್ ಡಬ್ಬಿಯೊಳಗೆ ತೀಕ್ಷ್ಣ ಸ್ವರ ಹೊರಡಿಸುವ ಹೈ ಡ್ರೈವರ್ ಸುಡುವುದೂ ಅದರಿಂದಲೇ. ಮುಂದೆ ಆಂಪ್ಲಿಫೈಯರ್ ತಗ್ಗಿಸಿದರೆ ಪ್ರಯೋಜನವಿಲ್ಲ. ಮಿಕ್ಸರಿನಲ್ಲಿ ಕತ್ತರಿಸಿದ ತಲೆ ಕತ್ತರಿಸಿಯೇ ಇರುತ್ತದೆ, ಸದ್ದು ಮಾತ್ರ ಸಣ್ಣದಾಗುತ್ತದೆ. ಪೊಲೀಸರು ಬಂದಾಗ ಆಂಪ್ಲಿಫೈಯರ್ ಇಳಿಸಿದರೂ ಅಕ್ಕಪಕ್ಕದ ಮನೆಯವರಿಗೆ ನೆಮ್ಮದಿಯಾಗದಿರುವುದು ಇದಕ್ಕೇ. ಮಿಕ್ಸರಿನ ದೀಪದ ಮೀಟರ್ ಹಸಿರಿನಲ್ಲಿ ಓಡಾಡುತ್ತಾ ಹೊಡೆತಕ್ಕೆ ಮಾತ್ರ ಹಳದಿ ಮುಟ್ಟಲಿ. ಜೋರು ಬೇಕಾದರೆ ಆಂಪ್ಲಿಫೈಯರಿನಲ್ಲಿ ತೆಗೆದುಕೊಳ್ಳಿ. ಆಂಪ್ಲಿಫೈಯರ್ ಅತಿ ಸೂಕ್ಷ್ಮವಾಗಿದ್ದರೆ, ಡಿಜೆಎಂ-900 ನೆಕ್ಸಸ್ 2ರ ಯುಟಿಲಿಟಿ ಮೆನುವಿನಲ್ಲಿ ಮಾಸ್ಟರನ್ನು 3 ಅಥವಾ 6 ಡೆಸಿಬಲ್ ತಗ್ಗಿಸುವ ಸೌಲಭ್ಯವಿದೆ.

ಜನರೇಟರಿನಲ್ಲಿ ನಡೆಸುವವರಿಗೆ ಒಂದು ಮಾತು. ಸ್ಪೀಕರಿನಲ್ಲಿ ದಪ್ಪ ಗುಂಯ್ ಎಂಬ 50 ಹರ್ಟ್ಸ್ ಸದ್ದು ಬಂದರೆ ಬಹುತೇಕ ಅದು ಅರ್ತಿಂಗ್ ಲೂಪ್, ಅಂದರೆ ಎರಡು ಯಂತ್ರಗಳು ಬೇರೆ ಬೇರೆ ದಾರಿಯಲ್ಲಿ ಅರ್ತ್ ಆಗಿ ಬಿದ್ದ ಸುತ್ತು. ಮಿಕ್ಸರನ್ನೂ ಆಂಪ್ಲಿಫೈಯರನ್ನೂ ಒಂದೇ ಪವರ್ ಬೋರ್ಡಿನಿಂದ ಎಳೆಯಿರಿ, ಅರ್ತ್ ಪಿನ್ ಮಾತ್ರ ಎಂದಿಗೂ ಮುರಿಯಬೇಡಿ. ಅದಕ್ಕಿಂತ ತೀಕ್ಷ್ಣವಾದ 100 ಹರ್ಟ್ಸ್ ಝುಂಯ್ ಬಂದು, ಎಲ್ಲ ಚಾನೆಲ್ ಮುಚ್ಚಿದರೂ ಹೋಗದಿದ್ದರೆ, ಮಿಕ್ಸರಿನ ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರ್ ಒಣಗಿರುವ ಶಂಕೆ ಪಡಬೇಕು. ಆ ಕೆಪಾಸಿಟರುಗಳ ಬೆಲೆ ಹೆಚ್ಚೇನಿಲ್ಲ. ಅದಕ್ಕಾಗಿ ಒಳ್ಳೆಯ ಹಳೆ ಮಿಕ್ಸರನ್ನು ಗುಜರಿಗೆ ಹಾಕಿ ಹೊಸ ಪ್ಲಾಸ್ಟಿಕ್ ಡಬ್ಬಿ ತರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದು ಚಾನೆಲಿನಲ್ಲಿ ಹಾಡು ಓಡಿಸಿ, ಅದರ ಫೇಡರ್ ಪೂರ್ತಿ ಮುಚ್ಚಿ, ಮಾಸ್ಟರ್ ಏರಿಸಿ ಕೇಳಬೇಕು. ಹಿಂದೆ ಹಾಡು ಪಿಸುಗುಟ್ಟಿದರೆ ಫೇಡರ್ ಸವೆದಿದೆ. ಬಳಿಕ ಫೇಡರನ್ನು ತಳದಿಂದ ಕೂದಲಷ್ಟೇ ಎತ್ತಿ. ಎಡ ಬಲ ಎರಡೂ ಒಟ್ಟಿಗೆ ಏಳಬೇಕು. ಬೆಲೆ ಮಾತಾಡುವ ಮೊದಲು ಆ ಮಾಡೆಲಿನ ಫೇಡರ್ ಬಿಡಿಯಾಗಿ ಸಿಗುತ್ತದೆಯೇ ಎಂದು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ನಿಮ್ಮೂರಿನ ರಿಪೇರಿಯವರಲ್ಲೋ ಕೇಳಿ, ಸಿಕ್ಕರೆ ಒಂದು ಜೊತೆ ಅಂದೇ ತೆಗೆದಿಟ್ಟುಕೊಳ್ಳಿ.

– ಸೌಂಡ್ ಸಿಸ್ಟಂ ತಂತ್ರಜ್ಞ, ಹುಬ್ಬಳ್ಳಿ