ಮೊದಲು ಪೆನ್ನು, ಆಮೇಲೆ ಕ್ಲಸ್ಟರ್

ಚಿ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ. ನಿನ್ನಮ್ಮನ ಮಂಡಿನೋವೂ ಇಳಿದಿದೆ.

ತಿರುಚಿದ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆಗಳನ್ನು ಒಂದರ ಮೇಲೊಂದು ಓರೆಯಾಗಿ ಇಟ್ಟದ್ದು) ಮೇಲೆ ಪಿಎಚ್‌ಡಿ ಮಾಡಲು ಗೈಡ್ ಒಪ್ಪಿದರೆಂದು ತಿಳಿದು ಸಂತೋಷವಾಯಿತು. ಆದರೆ ಸೇರಿದ ವಾರವೇ ಕ್ಲಸ್ಟರ್‌ನಲ್ಲಿ, ಅಂದರೆ ಆ ಕಂಪ್ಯೂಟರ್‌ಗಳ ಸಾಲಿನಲ್ಲಿ, ಡಿಎಫ್‌ಟಿ (ವಸ್ತುವಿನ ಎಲೆಕ್ಟ್ರಾನ್‌ಗಳ ಲೆಕ್ಕ ಹಾಕುವ ವಿಧಾನ) ರನ್ ಹಾಕಿ ಕೂತಿದ್ದೇನೆ ಅಂತ ಬರೆದಿದ್ದೀಯಲ್ಲ, ಅದಕ್ಕೇ ಈ ಕಾಗದ.

ಮೊದಲು ಒಂದೇ ಪದರದ ಗ್ರಾಫೀನಿನ ಲೆಕ್ಕವನ್ನು ಕೈಯಲ್ಲೇ ಬಿಡಿಸು. ಯೂನಿಟ್ ಸೆಲ್ಲಿನಲ್ಲಿ (ಮತ್ತೆ ಮತ್ತೆ ಬರುವ ತುಣುಕಿನಲ್ಲಿ) ಎರಡೇ ಕಾರ್ಬನ್, ಒಂದೊಂದಕ್ಕೂ ಮೂರು ನೆರೆ, ನಡುವೆ 0.142 ನ್ಯಾನೋಮೀಟರ್. 2×2 ಮ್ಯಾಟ್ರಿಕ್ಸ್ ಸಾಕು. ಬ್ರಿಲ್ವಾ ವಲಯ ಅಂದರೆ ಎಲೆಕ್ಟ್ರಾನ್ ಅಲೆಗಳ ನಕ್ಷೆ ಅನ್ನು; ಅದರ ಮೂಲೆಯಲ್ಲಿ ಆ ಮೂರು ನೆರೆಗಳ ಅಲೆಯ ಫೇಸ್‌ಗಳನ್ನು ಕೂಡಿಸಿದರೆ ಮೊತ್ತ ಸೊನ್ನೆ. ಎಲೆಕ್ಟ್ರಾನಿನ ಎರಡು ಬ್ಯಾಂಡ್‌ಗಳು (ಶಕ್ತಿಯ ಪಟ್ಟಿಗಳು) ಅಲ್ಲಿ ತಾಗುತ್ತವೆ. ಹಾಪಿಂಗ್ (ನೆರೆಗೆ ಜಿಗಿಯುವ ಶಕ್ತಿ) 2.8 ಎಲೆಕ್ಟ್ರಾನ್ ವೋಲ್ಟ್ ಇಟ್ಟರೆ ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ ಸುಮಾರು 9 ಲಕ್ಷ ಮೀಟರ್ ಬರಬೇಕು. ಬರದಿದ್ದರೆ ಎಲ್ಲೋ 3/2 ಅನ್ನುವ ಗುಣಕವನ್ನು ನುಂಗಿದ್ದೀಯ, ಹುಡುಕು. ವ್ಯಾಲೇಸ್ ಇದನ್ನು ಮಾಡಿದ್ದು 1947ರಲ್ಲಿ, ಗ್ರಾಫೈಟನ್ನು ಅರ್ಥಮಾಡಿಕೊಳ್ಳಲು. ಮ್ಯಾಂಚೆಸ್ಟರ್‌ನಲ್ಲಿ ಗೈಮ್, ನೊವೊಸೆಲೊವ್ ಅಂಟುಟೇಪಿನಿಂದ ಪದರ ಸುಲಿದು ಪ್ರಬಂಧ ಬರೆದದ್ದು 2004ರಲ್ಲಿ. ಲೆಕ್ಕ ಮೊದಲು, ಪದರ ಆಮೇಲೆ.

ಇಷ್ಟು ಗೊತ್ತಿದ್ದರೆ ಕಂಪ್ಯೂಟರ್ ನಿನಗೆ ಸುಳ್ಳು ಹೇಳಲಾರದು. ಗಾಮಾ ಬಿಂದುವಿನಿಂದ, ಅಂದರೆ ಆ ವಲಯದ ನಡುವಿನಿಂದ, ಹಾಕಿದ ಗ್ರಿಡ್ ಮೂರರ ಗುಣಕವಲ್ಲದಿದ್ದರೆ ಆ ಮೂಲೆಯ ಬಿಂದು ಲೆಕ್ಕಕ್ಕೇ ಸಿಗುವುದಿಲ್ಲ. ಔಟ್‌ಪುಟ್ ಫೈಲಿನಲ್ಲಿ ಬ್ಯಾಂಡ್‌ಗಳ ನಡುವೆ ಇಲ್ಲದ ಗ್ಯಾಪ್ ಕಾಣುತ್ತದೆ. ಪೆನ್ನು ಹಿಡಿದವಳಿಗೆ ನಗು ಬರುತ್ತದೆ, ಹಿಡಿಯದವಳು ಗೈಡ್ ಹತ್ತಿರ ಓಡುತ್ತಾಳೆ.

ನಿನ್ನ ವಿಷಯದ ಬುಡವೂ ಇಂಥದ್ದೇ ಲೆಕ್ಕ. ಎರಡು ಪದರಗಳನ್ನು ಸುಮಾರು 1.1 ಡಿಗ್ರಿ ತಿರುಚಿದರೆ ಮ್ವಾರೆ ಸೆಲ್ಲಿನಲ್ಲಿ (ತಿರುಚಿದಾಗ ಮೂಡುವ ದೊಡ್ಡ ವಿನ್ಯಾಸದ ಒಂದು ತುಣುಕಿನಲ್ಲಿ) ಹನ್ನೊಂದು ಸಾವಿರದಷ್ಟು ಪರಮಾಣು ಕೂರುತ್ತವೆ. 2011ರಲ್ಲಿ ಬಿಸ್ಟ್ರಿಟ್ಸರ್ ಮತ್ತು ಮೆಕ್‌ಡೊನಾಲ್ಡ್ ಅವನ್ನು ಒಂದೊಂದಾಗಿ ಎಣಿಸುತ್ತ ಕೂರಲಿಲ್ಲ. ಒಂದೊಂದು ಪದರದ ಡಿರಾಕ್ ಕೋನ್ (ಬ್ಯಾಂಡ್‌ಗಳು ತಾಗುವ ಕಡೆ ಕಾಣುವ ಶಂಕು) ಇಟ್ಟುಕೊಂಡು, ನಡುವಿನ ಜಿಗಿತವನ್ನಷ್ಟೇ ಸೇರಿಸಿ, ಆ 1.1 ಡಿಗ್ರಿಯ ಹತ್ತಿರ ಬ್ಯಾಂಡ್ ಚಪ್ಪಟೆಯಾಗುತ್ತದೆ ಅಂದರು. 2018ರಲ್ಲಿ ಎಂಐಟಿಯ ಹರಿಯೊ-ಎರೆರೊ ಗುಂಪು ಅಲ್ಲಿಯೇ 1.7 ಕೆಲ್ವಿನ್ನಿನಲ್ಲಿ ಸೂಪರ್‌ಕಂಡಕ್ಟಿವಿಟಿ (ತಡೆಯೇ ಇಲ್ಲದೆ ವಿದ್ಯುತ್ ಹರಿಯುವುದು) ಕಂಡಿತು. ಲೆಕ್ಕದಲ್ಲಿ ಏನನ್ನು ಬಿಡಬೇಕು ಅನ್ನುವುದು ಬಿಸ್ಟ್ರಿಟ್ಸರ್, ಮೆಕ್‌ಡೊನಾಲ್ಡ್ ಇಬ್ಬರಿಗೂ ಗೊತ್ತಿತ್ತು ನೋಡು. ನನಗೆ ಈ ಕ್ಷೇತ್ರದಲ್ಲಿ ಹಿಡಿಸಿದ್ದೇ ಅದು. ಸೂಪರ್‌ಕಂಡಕ್ಟಿವಿಟಿ ಯಾಕೆ ಬರುತ್ತದೆ ಅನ್ನುವ ಜಗಳ ಮಾತ್ರ ಇನ್ನೂ ಮುಗಿದಿಲ್ಲ, ನಿನಗೆ ಬೇಕಾದಷ್ಟು ಕೆಲಸವಿದೆ.

ಪ್ರಯೋಗ ಮಾಡುವವರ ಲ್ಯಾಬಿಗೂ ಆಗಾಗ ಹೋಗಿ ಕೂರು. ಒಂದೇ ಸ್ಯಾಂಪಲ್ಲಿನೊಳಗೆ ಕೋನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಗಿರುತ್ತದೆ. ಅವರ ಬೈಗುಳ ಕೇಳಿದರೆ ನಿನ್ನ ಮಾಡೆಲ್‌ಗೆ ಒಳ್ಳೆಯದು.

ಲೆಕ್ಕ ಮುಗಿದ ಮೇಲೆ ಹಾಳೆಯ ಫೋಟೋ ವಾಟ್ಸಾಪ್ ಮಾಡು, ನೋಡುತ್ತೇನೆ. ದಸರೆಗೆ ಬರುವುದಾದರೆ ಟಿಕೆಟ್ ಈಗಲೇ ಮಾಡಿಸು.

ಇಂತಿ,
ನಿನ್ನ ಮಾವ