ಮೆದುಳು ಜ್ವರ: ವೈರಸ್ ತಳಿಯ ಮೇಲೂ ಕಣ್ಣಿರಲಿ

ಮಾನ್ಯರೇ,

ಮಕ್ಕಳಿಗೆ ಜಪಾನೀಸ್ ಮೆದುಳು ಜ್ವರದ ಲಸಿಕೆ ಹಾಕಿಸುವಷ್ಟೇ ಮುತುವರ್ಜಿಯಿಂದ, ಆ ವೈರಸ್‌ನ ತಳಿಗಳು ಹೇಗೆ ಬದಲಾಗುತ್ತಿವೆ ಎಂಬುದನ್ನೂ ಸರ್ಕಾರ ಗಮನಿಸಬೇಕು. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಬೆಳೆಯುವ ಕ್ಯುಲೆಕ್ಸ್ ಸೊಳ್ಳೆಗಳು ಹಂದಿ, ಬೆಳ್ಳಕ್ಕಿಗಳಿಂದ ಮಕ್ಕಳಿಗೆ ದಾಟಿಸುವ ಈ ವೈರಸ್‌ನಲ್ಲಿ ಐದು ಜೀನೋಟೈಪ್‌ಗಳು, ಅಂದರೆ ವಂಶವಾಹಿ ರಚನೆಯಲ್ಲಿ ಭಿನ್ನವಾದ ಗುಂಪುಗಳಿವೆ. ಈ ರೋಗ ತಡೆಯುವ ಜೆನ್‌ವ್ಯಾಕ್ ಲಸಿಕೆ ನಮ್ಮ ಕೋಲಾರದಲ್ಲೇ 1980ರ ದಶಕದ ಆರಂಭದಲ್ಲಿ ಸಿಕ್ಕ ತಳಿಯಿಂದ ತಯಾರಾದದ್ದು. ಇದು ನಿಜಕ್ಕೂ ಹೆಮ್ಮೆಯ ಸಂಗತಿ. ಆ ತಳಿ ಮೂರನೇ ಜೀನೋಟೈಪ್‌ಗೆ ಸೇರಿದ್ದು. ಆದರೆ ಗೋರಖ್‌ಪುರದ ರೋಗಿಗಳಲ್ಲಿ ಒಂದನೇ ಜೀನೋಟೈಪ್ ಪತ್ತೆಯಾಗಿ ದಶಕವೇ ಕಳೆದಿದೆ.

ವೈರಸ್‌ನ ಹೊರಕವಚದ ಪ್ರೋಟೀನ್‌ನಲ್ಲಿ ಕೆಲವು ಅಮೈನೋ ಆಮ್ಲಗಳು ಬದಲಾದರೂ ಲಸಿಕೆಯಿಂದ ದೇಹದಲ್ಲಿ ಹುಟ್ಟುವ ರಕ್ಷಕ ಪ್ರತಿಕಾಯಗಳ ಹಿಡಿತ ಸಡಿಲವಾಗಬಹುದು. ಈಗಿನ ಲಸಿಕೆಗಳು ಒಂದನೇ ಜೀನೋಟೈಪ್ ವಿರುದ್ಧವೂ ರಕ್ಷಣೆ ನೀಡುತ್ತವೆ, ಪೋಷಕರು ಖಂಡಿತ ಹಿಂಜರಿಯಬಾರದು. ದಕ್ಷಿಣ ಕೊರಿಯಾದಲ್ಲಿ ಕಾಣಿಸಿಕೊಂಡಿರುವ ಐದನೇ ಜೀನೋಟೈಪ್ ಎದುರು ಮಾತ್ರ ಅವುಗಳ ಬಲ ಕಡಿಮೆ ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಬದುಕುಳಿದ ಮಕ್ಕಳಲ್ಲೂ ಹಲವರನ್ನು ಶಾಶ್ವತ ಅಂಗವೈಕಲ್ಯಕ್ಕೆ ತಳ್ಳುವ ರೋಗದ ವಿಷಯದಲ್ಲಿ ಕಾದು ನೋಡುವುದು ಸಲ್ಲದು.

ಕೋಲಾರ, ಮಂಡ್ಯ, ಬಳ್ಳಾರಿಯಂತಹ ಜಿಲ್ಲೆಗಳಲ್ಲಿ ಪ್ರತಿ ಮಳೆಗಾಲದ ಕೊನೆಯಲ್ಲಿ ಸೊಳ್ಳೆ ಹಾಗೂ ಹಂದಿಗಳ ಮಾದರಿ ಸಂಗ್ರಹಿಸಿ, ಜೀನೋಟೈಪ್ ಪರೀಕ್ಷೆ ನಡೆಸಿ, ಅದರ ವರದಿಯನ್ನು ಆರೋಗ್ಯ ಇಲಾಖೆ ಸಾರ್ವಜನಿಕವಾಗಿ ಪ್ರಕಟಿಸಲಿ.